ಹಲಸಿನ ಮರದ ಹೆಡ್‌ಫೋನು

ನಂಬಬೇಡಿ. ನಂಬಲೇಬೇಡಿ ಹೋಗ್ಲಿ! ಸಾಸಲಿನ ಈ ಬೈರೇಶ ಹೇಳ್ದ ಅಂತ ನೀವು ಯಾಕ್ರೀ ನಂಬ್ತೀರ? ನಾಳೆ ಬೆಳಿಗ್ಗೆ ಸೋಂಪುರದ ಇಂಡಸ್ಟ್ರಿಯಲ್ ಏರಿಯಾಕ್ಕೆ ಬನ್ನಿ, ಟೀ ಅಂಗಡಿ ಮುಂದೆ ನಿಂತ್ಕೊಂಡು ಕೇಳಿ: ‘ಆಲಿಕೆ ಅನ್ನೋ ಇಷ್ಟು ಚಿಕ್ಕ ಹೆಡ್‌ಫೋನ್ ಕಂಪನೀನ ಅಷ್ಟು ದೊಡ್ಡ ಕಂಪನಿ ಯಾಕಪ್ಪಾ ಕೊಂಡ್ಕೊಳ್ತು?’ ಯಾರ ಹೆಸರು ಹೇಳ್ತಾರೆ ನೋಡಿ... ನಾಳೆ ಬೇಡ. ನಾಳೆ ಭಾನುವಾರ. ಸೋಮವಾರಾನೂ ಬೇಡ, ಅವತ್ತು... ಅವತ್ತು ಆ ಕಡೆ ಕರೆಂಟ್ ಇರಲ್ಲ.

ನಕ್ಕಿರಿ! ಅಬ್ಬಾ, ನಕ್ಕಿರಿ. ಕೆಳಗೆ ಕಾಫಿ ತಟ್ಟೆ ಹಿಡ್ಕೊಂಡು ಬಂದಾಗ ನಿಮ್ಮ ಮುಖ ಹೆಂಗಿತ್ತು ಗೊತ್ತಾ? ನಮ್ಮಮ್ಮ ನನ್ನ ಕಿವೀಲಿ, ‘ಲೋ, ಹುಡುಗಿಗೆ ಹಲ್ಲಿದೆಯೇನೋ?’ ಅಂದ್ಲು. ಬೇಜಾರ್ ಮಾಡ್ಕೊಬೇಡಿ, ನಮ್ಮಮ್ಮ ಭಾಗ್ಯಮ್ಮ ಬಾಯಿಗೆ ಬಾಗಿಲಿಲ್ಲ. ನನಗೂ ಇಲ್ಲ, ಅಮ್ಮನ ಕಡೆಯಿಂದ ಬಂದಿದ್ದು. ನಿಮ್ಮಪ್ಪ ಏನಂದ್ರು? ‘ಹುಡುಗ ಹುಡುಗಿ ಮಾಳಿಗೆ ಮೇಲೆ ಹೋಗಿ ಮಾತಾಡ್ಕೊಂಡು ಬರ್ಲಿ’ ಅಂದ್ರು. ಇಬ್ಬರೂ ಮಾತಾಡ್ಲಿ ಅಂತ ಅವರ ಲೆಕ್ಕ. ಪರವಾಗಿಲ್ಲ ಬಿಡಿ, ನಿಮ್ಮ ಪಾಲಿಂದೂ ನಾನೇ ಆಡಿಬಿಡ್ತೀನಿ. ಹೊಸಕೋಟೆ ಲ್ಯಾಬಲ್ಲಿ ರಕ್ತ ತೆಗೆಯೋರಲ್ವಾ ನೀವು, ಮಾತಾಡ್ದೇನೇ ಸೂಜಿ ಚುಚ್ಚಿ ಅಭ್ಯಾಸ.

ಸರಿ, ಕೇಳಿ. ಕಂಪನಿ ಶುರು ಮಾಡಿದ್ದು ಪ್ರಮೋದಾ ಮೇಡಂ. ಏನು ಓದಿದಾರೋ, ಎಲ್ಲೆಲ್ಲಿ ಓದಿದಾರೋ, ಅವರಿಗೇ ಗೊತ್ತು. ಅವರ ಹೆಡ್‌ಫೋನು ನಿಮ್ಮ ಬಸ್ಸಲ್ಲಿ ಹುಡುಗರು ಕಿವಿಗೆ ಸಿಕ್ಕಿಸ್ಕೊಳ್ತಾರಲ್ಲ, ಆ ಕಡ್ಲೆಕಾಯಿ ಥರದ್ದಲ್ಲ. ಕಿವಿ ಪೂರ್ತಿ ಮುಚ್ಚೋ ಎರಡು ಬಟ್ಟಲು. ಬಟ್ಟಲು ಯಾತರದ್ದು? ಹಲಸಿನ ಮರದ್ದು! ವೀಣೆ ಮಾಡೋ ಮರ ಕಣ್ರೀ. ಎಡಗಡೆ ಬಟ್ಟಲು, ಬಲಗಡೆ ಬಟ್ಟಲು, ಎರಡೂ ಒಂದೇ ದನಿ ಕೊಡಬೇಕು. ಅದನ್ನ ಬಡಿದು ಕೇಳಿ ಜೋಡಿ ಮಾಡೋರು ಯಾರು?

ಊಂ. ಎದುರಿಗೇ ನಿಂತಿದೀನಿ.

ನಾನು ಅಲ್ಲಿಗೆ ಹೋಗಿದ್ದೇ ಒಂದು ಕಥೆ. ದೊಡ್ಡಬಳ್ಳಾಪುರ ರೋಡಲ್ಲಿ ನಮ್ಮ ತೋಟದ ಹಲಸಿನ ಹಣ್ಣು ರಾಶಿ ಹಾಕ್ಕೊಂಡು ಕೂತಿದ್ದೆ. ಮೇಡಂ ಕಾರು ನಿಲ್ಲಿಸಿದ್ರು. ‘ಹಣ್ಣಾಗಿದೆಯಾ?’ ಅಂದ್ರು. ನಾನು ಬೆರಳಲ್ಲಿ ಟಪ್ ಟಪ್ ಅಂತ ಬಡಿದು, ‘ಇದು ಇವತ್ತಿಗೆ, ಇದು ಹಬ್ಬಕ್ಕೆ, ಇದು ದನಕ್ಕೆ’ ಅಂದೆ. ಕುಯ್ದು ನೋಡಿದ್ರೆ ಹಂಗೇ ಇತ್ತು! ದನದ್ದು ಒಂದು ಬಿಟ್ಟು. ಅದು ಬೊಂಬಾಟಾಗಿತ್ತು, ಅದನ್ನೇ ತಗೊಂಡು ಹೋದ್ರು. ಹೋಗ್ತಾ, ‘ನಾಳೆ ಫ್ಯಾಕ್ಟರಿಗೆ ಬಾ’ ಅಂದ್ರು. ಅವತ್ತಿಂದ ಬಡಿತಾನೇ ಇದ್ದೆ... ಇದೀನಿ. ಇದೀನಿ ಅಂದೆ.

ಆ ದೊಡ್ಡ ಕಂಪನಿ ಯಾವುದಾ? ನಿಮ್ಮ ಹಾಲ್‌ನಲ್ಲಿರೋ ಟೀವಿ ಅವರದ್ದು. ಫ್ರಿಜ್ಜೂ ಅವರದ್ದೇ. ಲೋಕಕ್ಕೆಲ್ಲ ಬಟ್ಟೆ ಒಗೆಯೋ ಮಷೀನು ಮಾಡ್ತಾರೆ, ಕಿವಿಗೊಂದು ಒಳ್ಳೆ ಹೆಡ್‌ಫೋನು ಮಾಡೋಕೆ ಬರಲ್ಲ! ಅದಕ್ಕೇ ನಮ್ಮನ್ನ ಇಡಿಯಾಗಿ ಎತ್ತಾಕ್ಕೊಂಡ್ರು. ಮರ, ಮಷೀನು, ಮೇಡಮ್ಮು, ಎಲ್ಲಾ. ಅವರ ಸಾಹೇಬ ಮೇಡಂಗೆ ಏನಂದನಂತೆ ಗೊತ್ತಾ? ‘ಆ ಬಡಿಯೋ ಹುಡುಗ ಇಲ್ಲದಿದ್ರೆ ಕಂಪನೀನೇ ಬೇಡ’ ಅಂತ. ನಾನು ಕೇಳಿಸ್ಕೊಂಡಿಲ್ಲ. ಹಂಗೆ ಅಂದಿರ್ತಾನೆ. ಈಗ ನನ್ನ ಕೆಲಸದ ಹೆಸರು ಸೌಂಡ್ ಹೆಡ್. ಕೆಳಗೆ ನಮ್ಮಪ್ಪ ಅಪ್ಪಯ್ಯಣ್ಣ ನಿಮ್ಮಪ್ಪಂಗೆ ಇದನ್ನೇ ಹೇಳ್ತಿರ್ತಾರೆ. ಅವರು ಹೇಳೋವಾಗ ಇನ್ನೂ ಎರಡು ಮೆಟ್ಟಲು ಮೇಲೆ ಹತ್ತಿಸಿರ್ತಾರೆ, ಅದನ್ನ ನೀವು ಕಳೆದು ಲೆಕ್ಕ ಹಾಕ್ಕೊಳ್ಳಿ.

ಮತ್ತೆ ನಂಬ್ತಿಲ್ಲ! ಹುಬ್ಬು ನೋಡು ಹೆಂಗೆ ಎತ್ತಿದಾರೆ. ತಗೊಳ್ಳಿ. ಅದಕ್ಕೇ ತಂದಿರೋದು. ಈ ಚೀಲದಲ್ಲಿ ಏನಿದೆ ಅಂತ ಬಂದಾಗಿಂದ ನೋಡ್ತಿದ್ರಲ್ಲ. ಸೀರೆ ಅಲ್ಲ, ಸ್ವೀಟೂ ಅಲ್ಲ. ಹೊಸ ಪೀಸು, ಡಬ್ಬ ಒಂದು ಇಲ್ಲ ಅಷ್ಟೇ. ಹಾಕ್ಕೊಳ್ಳಿ... ಹೂವು ಸ್ವಲ್ಪ ಹಿಂದಕ್ಕೆ ತಳ್ಕೊಳ್ಳಿ. ಹಾಂ. ಚೆನ್ನಾಗಿ ಕಾಣ್ತೀರ. ಅಂದ್ರೆ ಹೆಡ್‌ಫೋನು ಚೆನ್ನಾಗಿ ಕಾಣುತ್ತೆ... ನೀವೂ.

ವೈರು ನನ್ನ ಫೋನಿಗೆ ಚುಚ್ತೀನಿ. ಬಂತಾ? ಈಗ ತಮಟೆ ಬರುತ್ತೆ ನೋಡಿ, ನಮ್ಮೂರಲ್ಲಿ ನಾನೇ ರೆಕಾರ್ಡ್ ಮಾಡಿದ್ದು. ಬಂತು, ಮುಖದಲ್ಲೇ ಗೊತ್ತಾಯ್ತು! ಎಡಗಡೆ ಒಂದು ತಮಟೆ, ಬಲಗಡೆ ಒಂದು, ನಡುವೆ ನೀವು ನಿಂತಿದೀರ, ಅಲ್ವಾ? ಹೇಳಿ, ಹೌದೋ ಅಲ್ವೋ? ತಲೆ ಆಡಿಸಿದ್ರೆ ಸಾಕು. ನೋಡಿದ್ರಾ!

ನಿಲ್ಲಿಸ್ತೀನಿ, ತೆಗೀಬೇಡಿ. ಹಂಗೇ ಇರ್ಲಿ. ಇದು ಹೊರಗಿನ ಸದ್ದು ಮುಚ್ಚೋದಲ್ಲ, ನನ್ನ ಮಾತೂ ಕೇಳುತ್ತೆ. ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ.

ಒಂದು ತಮಾಷೆ ಹೇಳ್ಲಾ? ಆ ದೊಡ್ಡ ಕಂಪನಿ ಸಾಹೇಬ ಫ್ಯಾಕ್ಟರಿ ನೋಡೋಕೆ ಬಂದಿದ್ದ ದಿನ. ಹಲಸಿನ ಕಾಲ. ನಮ್ಮಲ್ಲಿ ನರೇಶ ಅಂತ ಒಬ್ಬ ಇದಾನೆ, ಸ್ವಲ್ಪ ಅತಿ. ‘ಮನೆಗೆ ಬಂದೋರಿಗೆ ಬಿಸ್ಕತ್ತು ಕೊಡೋದಾ, ನಮ್ಮೂರ ಮರ್ಯಾದೆ ಏನಾಗಬೇಕು?’ ಅಂತ ಇಷ್ಟು ದಪ್ಪದ ಹಣ್ಣು ಹೊತ್ಕೊಂಡು ಬಂದ. ಮೇಡಂ ಬೇಡ ಬೇಡ ಅಂದ್ರೂ ಕುಯ್ದ. ಸಾಹೇಬ ತೊಳೆ ಬಾಯಿಗಿಟ್ಟು ಕಣ್ಣು ಮುಚ್ಚಿಬಿಟ್ಟ, ಅಷ್ಟು ರುಚಿ! ಅಲ್ಲಿಗೆ ನಿಲ್ಲಿಸಬೇಕು ತಾನೆ? ನರೇಶಂಗೆ ಬಡಾಯಿ. ‘ಸಾರ್, ಈ ಮರದ್ದೇ ಹಣ್ಣು ಅದು, ಈ ಮರದ್ದೇ ಹೆಡ್‌ಫೋನು ಇದು’ ಅಂತ ಅದೇ ಕೈಯಲ್ಲಿ ಒಂದು ಜೋಡಿ ಎತ್ತಿ ಅವನ ತಲೆಗೆ ಹಾಕೇಬಿಟ್ಟ. ಹಲಸು ಕುಯ್ಯೋವಾಗ ಕೈಗೆ ಎಣ್ಣೆ ಹಚ್ಕೋಬೇಕು ಅನ್ನೋದು ಕೂಸಿಗೂ ಗೊತ್ತು! ಅವನಿಗೆ ಆತುರ, ಹಚ್ಕೊಂಡಿಲ್ಲ. ಕೈಯೆಲ್ಲಾ ಮೇಣ. ಸಾಹೇಬಂಗೆ ಉದ್ದ ಕೂದಲು ಬೇರೆ, ಹೆಂಗಸರ ಥರ ಗಂಟು ಕಟ್ಟಿದ್ದ. ಹಾಡು ಕೇಳಿ ‘ವಾಹ್’ ಅಂದು ಹೆಡ್‌ಫೋನು ತೆಗೆಯೋಕೆ ಹೋದ... ತಲೇನೂ ಜೊತೆಗೇ ಬಂತು!

ನಗಿ, ನಗಿ, ಜೋರಾಗಿ ನಗಿ, ಕೆಳಗೆ ನಮ್ಮಮ್ಮಂಗೂ ಕೇಳ್ಸಲಿ! ಕೊನೆಗೆ ಕತ್ತರಿ ತಂದು ಕೂದಲು ಕತ್ತರಿಸಿದ್ರು. ಒಂದು ಹಿಡಿ. ಗೇಟ್ ಕಾಯೋ ನರಸಿಂಹಯ್ಯ ಬಾಯಿಗೆ ಟವಲ್ ತುರುಕ್ಕೊಂಡು ಶೆಡ್ಡಿನ ಹಿಂದಕ್ಕೆ ಓಡಿದ. ನರೇಶನ ಕಥೆ ಅಲ್ಲಿಗೆ ಮುಗೀತು, ಪಾಪ.

ಯಾಕೆ, ಕೈ ಕಿವಿಗೆ ಹೋಯ್ತು? ಈಗಿನ್ನೂ ನಗ್ತಿದ್ರಿ. ಭಾರ ಆಯ್ತಾ? ಹಾಂ, ತೆಗೀರಿ ತೆಗೀರಿ. ತೆಗೀರಿ...

ಅಯ್ಯೋ ಎಳೀಬೇಡಿ! ಎಳೀಬೇಡ್ರೀ! ಬುಡಸಮೇತ ಬರುತ್ತೆ! ಕೈ ಬಿಡಿ, ನಾನು ನೋಡ್ತೀನಿ... ಬಲಗಡೆ ಕಿವಿಯ ಮೆತ್ತೆ. ಬಿಸಿಲಿಗೆ ಕರಗಿದೆ. ಥೂ ಇದರ. ನೀರು ಮುಟ್ಟಿಸಬೇಡಿ, ನೀರಿಗೆ ಬಗ್ಗೋದಲ್ಲ ಇದು. ಎಣ್ಣೆ ಬೇಕು. ಕೆಳಗೆ ಹೋಗ್ತೀರಾ? ಹಿಂಗೇ? ತಲೆ ಮೇಲೆ ಇದನ್ನ ಹೊತ್ಕೊಂಡು, ಎಲ್ಲರ ಮುಂದೆ? ಬೇಡ, ನಿಮ್ಮ ದಮ್ಮಯ್ಯ. ಆ ತುಳಸಿ ಕುಂಡದ ಪಕ್ಕ ದೀಪದ ಎಣ್ಣೆ ಬಾಟ್ಲಿ ಇದೆ. ತಾಯಿ ತುಳಸಮ್ಮ ಕ್ಷಮಿಸಲಿ. ಅಲ್ಲಾಡಬೇಡಿ. ಮೊದಲು ಬೆರಳಿಗೆ, ಆಮೇಲೆ ಕೂದಲ ತುದಿಯಿಂದ, ಮೆಲ್ಲಗೆ, ಬುಡದ ಕಡೆಗೆ...

ಹೆಂಗೆ ಗೊತ್ತು ಅಂತಾನಾ? ತೋಟದೋರು ನಾವು, ಹಲಸಿನ ಮೇಣ ಗೊತ್ತಿಲ್ವಾ.

ಇಲ್ಲ, ಹೊಸ ಪೀಸೇ. ಹೊಸದೇ ಅಂದೆನಲ್ಲ.

ಏನದು ಕೈಯಲ್ಲಿ? ಮೆತ್ತೆಗೆ ಅಂಟಿತ್ತಾ... ಅದು ನಿಮ್ಮ ಕೂದಲೇ ಇರ್ಬೇಕು. ನಿಮ್ಮದು ಕರಿ, ಹೌದು. ಇದು ಕೆಂಚು. ಸಾಹೇಬಂದೂ ಕೆಂಚೇ ಇತ್ತು, ಬಣ್ಣ ಹಾಕ್ತಿದ್ದ.

ಹಂಗೆ ನೋಡಬೇಡ್ರೀ. ನರ ಹುಡುಕೋ ಥರ ನೋಡ್ತೀರಲ್ಲ. ಒಂದು ಮಾತು ಬೈದುಬಿಡಿ. ನಮ್ಮಮ್ಮ ಆಗಿದ್ರೆ ಇಷ್ಟೊತ್ತಿಗೆ ನಿಮ್ಮ ಜಡಿಗೇನಹಳ್ಳಿ ಪೂರ್ತಿ ಕೇಳ್ತಿತ್ತು. ಏನಾದ್ರೂ ಅನ್ನಿ, ಸಿಂಚನ ಅವರೇ...

ನರೇಶ ಅವತ್ತು ರಜ ಹಾಕಿದ್ದ. ಅವನ ನಾದಿನಿ ಚೈತ್ರನ ಸೀಮಂತಕ್ಕೆ ಹೋಗಿದ್ದ. ಈಗ ಚೆನ್ನಾಗಿದಾನೆ, ಕತ್ತಿಗೆ ಹೊಸ ಕಂಪನಿ ಕಾರ್ಡು ನೇತಾಕ್ಕೊಂಡು ಓಡಾಡ್ತಾನೆ. ನರಸಿಂಹಯ್ಯಂಗೂ ಕಾರ್ಡು ಬಂತು. ಇನ್ಮೇಲೆ ಬಟ್ಟಲು ಪ್ಲಾಸ್ಟಿಕ್ಕಂತೆ, ಅಚ್ಚಲ್ಲಿ ಹುಯ್ದರೆ ಎಲ್ಲಾ ಒಂದೇ ಸದ್ದು. ಬಡಿಯೋಕೆ ಏನಿದೆ? ಮೇಡಂ ನನ್ನ ಪರ ಜಗಳ ಆಡಿದ್ರು, ಸುಳ್ಳು ಹೇಳಬಾರದು. ಸಾಹೇಬ ತಲೆ ಸವರ್ಕೊಂಡು ‘ನೋ’ ಅಂದ. ಇದನ್ನ ನಾನೇ ಕೇಳಿಸ್ಕೊಂಡೆ.

ಕೆಳಗೆ ನಮ್ಮಪ್ಪಂಗೂ ಗೊತ್ತಿಲ್ಲ. ಮೊದಲು ಕೇಳ್ತಿರೋದು ನೀವೇ. ಈಗ ಇಳಿದು ಹೋಗಿ ‘ಹುಡುಗ ಬೇಡ’ ಅಂದ್ರೆ ಅನ್ನಿ. ಆದ್ರೆ ಆ ಹಲಸಿನ ಕಥೆ ಮಾತ್ರ ನನ್ನ ಬಾಯಿಂದಾನೇ ಬರಲಿ, ಅವರಿಗೆ ನಾನೇ ಹೇಳ್ತೀನಿ. ನಿಮ್ಮನ್ನ ನೋಡಿದಾಗಿಂದ ಒಂದೇ ಆಸೆ, ನಿಮ್ಮ ಮುಂದೆ ಸ್ವಲ್ಪ ದೊಡ್ಡೋನಾಗಿ ಕಾಣ್ಬೇಕು ಅಂತ.

ಬಂತು... ಬಂತು ನೋಡಿ. ಬಿಡ್ತು. ಒಂದು ಕೂದಲೂ ಕಿತ್ತಿಲ್ಲ.

ಎಲ್ಲರಿಗೂ ಕೆಲಸ ಕೊಟ್ಟರು. ನನಗೆ ಕೊಟ್ಟಿದ್ದು ಈ ಹೆಡ್‌ಫೋನು.