ಹದಿನೈದು ವರ್ಷದ ಕಪಾಟು

ಮೇಲಿನ ಮನೆಯ ನೀರಿನ ಕೊಳವೆ ಒಡೆದು, ಅಕ್ಕಪಕ್ಕದ ಮನೆಗಳಲ್ಲಿದ್ದ ಇಬ್ಬರು ಓರಗಿತ್ತಿಯರ ಅಡುಗೆಮನೆಯ ಮರದ ಕಪಾಟುಗಳು ಉಬ್ಬಿಹೋಗಿದ್ದವು. ಕಿರಿಯವಳಿಗೆ ರಿಪೇರಿಯ ಪೂರ್ತಿ ಖರ್ಚು ಮಂಜೂರಾಗಿತ್ತು, ಹಿರಿಯವಳಿಗೆ ಅರ್ಧ. ವಿಮಾ ಕಚೇರಿಯ ಬೆಂಚಿನ ತುದಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರಿಗೆ ಇಷ್ಟು ತಿಳಿಯಲು ಐದು ನಿಮಿಷ ಸಾಕಾಯಿತು. ಕನ್ನಡಕ ಒರೆಸುತ್ತ ಅವರು ಪಕ್ಕದಲ್ಲಿ ಕುಳಿತಿದ್ದ ಆ ಇಬ್ಬರ ಮಾತಿನತ್ತಲೇ ಕಿವಿ ಇಟ್ಟಿದ್ದರು.

"ಅದೇ ನೀರು, ಅದೇ ಗೋಡೆ. ಅದೃಷ್ಟ ಮಾತ್ರ ನಿನಗೆ."

"ಅಕ್ಕಾ, ಕಪಾಟಿಗೆ ಎಷ್ಟು ವರ್ಷ ಅಂತ ನಷ್ಟ ನೋಡೋಕೆ ಬಂದ ಸರ್ವೇಯರ್ ಕೇಳಿದಾಗ ನೀವೇನಂದ್ರಿ?"

"ಹದಿನೈದು ಅಂದೆ. ಇವಳ ಹಾಗೆ ನಾನು ಬದಲಾಯಿಸಿಲ್ಲ, ಇವತ್ತಿಗೂ ಒಂದು ಗೀರಿಲ್ಲ ಅಂದೆ."

"ಅದಕ್ಕೇ ಹಳೇದು ಅಂತ ಅರ್ಧ ಕತ್ತರಿಸಿದ್ರು."

"ಕಾಪಾಡಿಕೊಂಡವಳಿಗೆ ದಂಡ, ಹಾಳು ಮಾಡ್ಕೊಂಡವಳಿಗೆ ಬಹುಮಾನ!"

ಕಿರಿಯವಳು ಚೀಲದಿಂದ ಒಂದು ಚೀಟಿ ತೆಗೆದು ಹಿರಿಯವಳ ಮಡಿಲಲ್ಲಿಟ್ಟಳು.

"ಏನಿದು?"

"ಬಡಗಿಯ ರಸೀದಿ. ಹೋದ ವರ್ಷ ನಾನು ಊರಲ್ಲಿಲ್ಲದಾಗ ನೀವು ಹೊಸ ಕಪಾಟು ಮಾಡಿಸಿದ್ರಲ್ಲ, ಅದರದ್ದು. ನಕಲು ಕೇಳಿ ತಂದೆ."

ಹಿರಿಯವಳು ಚೀಟಿಯನ್ನು ಮಡಚಿ ಅಂಗೈಯಲ್ಲಿ ಮುಚ್ಚಿಕೊಂಡಳು.

"ನಿನಗೆ ಗೊತ್ತಿತ್ತಾ?"

"ಪಾಲಿಶ್ ವಾಸನೆ ಒಂದು ತಿಂಗಳು ನಮ್ಮನೇಲೂ ಇತ್ತಲ್ಲ."

"ಮತ್ತೆ ಅವತ್ತೇ ನನ್ನ ತಡೀಬಾರದಿತ್ತಾ?"

"ಚಿವುಟಿದೆನಲ್ಲ!"

"ಹೊಟ್ಟೆಕಿಚ್ಚಿಗೆ ಚಿವುಟ್ತಿದೀಯ ಅಂದ್ಕೊಂಡೆ."

ಒಳಗಿನಿಂದ ಅವರ ಸರದಿಯ ಸಂಖ್ಯೆ ಕೂಗಿದರು. ಅಜ್ಜಿ ಕಾಲು ಸರಿಸಿ ದಾರಿ ಬಿಟ್ಟರು. ಹಿರಿಯವಳು ಎದ್ದು ಸೆರಗು ಸರಿಮಾಡಿಕೊಂಡಳು.

"ಬಾ. ಒಳಗೆ ನಾನು ಮತ್ತೆ ಹದಿನೈದು ಅಂದ್ರೆ, ಈ ಸಲ ಜೋರಾಗಿ ಚಿವುಟು."