ಕುಬಸದ ಸೀರೆ ತೋರಿಸಿದವಳು

ಒಂದು ಪೇಟೆಯಲ್ಲಿ ಒಬ್ಬ ಸಿರಿವಂತನಿದ್ದ. ಊರು ಯಾವುದೆಂದು ಕೇಳಬೇಡಿ, ಕೇಳಿದರೆ ನಿಮ್ಮದೇ ಎನ್ನಬೇಕಾಗುತ್ತದೆ. ಜನ ಅವನನ್ನು ಸಾವಕಾರ ಎನ್ನುತ್ತಿದ್ದರು. ದೊಡ್ಡ ಸೀರೆ ಅಂಗಡಿ, ಕೆಲಸಕ್ಕೆ ಮೂವತ್ತರ ಮೇಲೆ ಜನ. ಕೆಟ್ಟವನೇ? ಅಲ್ಲ ನೋಡಿ. ಸೋಮವಾರ ಉಪವಾಸ ಮಾಡುವವ, ಮಠದ ದಾಸೋಹಕ್ಕೆ ಅಕ್ಕಿ ಕಳಿಸುವವ. ಆದರೆ ಅಂಗಡಿಯಲ್ಲಿ ಒಂದು ನೇಮ: ಗಿರಾಕಿ ಇದ್ದರೂ ಇಲ್ಲದಿದ್ದರೂ ಕೆಲಸದ ಹೆಣ್ಣುಮಕ್ಕಳು ಕೂಡಬಾರದು. ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ನಿಂತೇ ಇರಬೇಕು.

ಅಲ್ಲಿ ಕಸ್ತೂರಿ ಎಂಬ ಹೆಣ್ಣುಮಗಳಿದ್ದಳು. ಬಸುರಿ, ಏಳನೇ ತಿಂಗಳಲ್ಲಿದ್ದಳು. ಕಾಲು ಬಾತು ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿದಳು.

"ಸಾವಕಾರ್ರೀ, ಗಿರಾಕಿ ಇಲ್ದಾಗ ಒಂದೀಟು ಕುಂದ್ರತೇನ್ರಿ. ಒಂದು ಸ್ಟೂಲ್ ಇಟ್ಕೊಳ್ಳಲೇನ್ರಿ?"

"ನಿನಗ ಕೊಟ್ರ ನಾಳೆ ಎಲ್ಲಾರೂ ಕೇಳ್ತಾರವಾ. ಹೆಂಗೂ ಮುಂದಿನ ತಿಂಗಳಿಂದ ಬರೂದು ಬ್ಯಾಡ. ಹಡದು, ಕೂಸು ದೊಡ್ಡದಾದ ಮ್ಯಾಲ ನೋಡೋಣಂತ."

ಬೈಯಲಿಲ್ಲ ನೋಡಿ, ನಯವಾಗಿಯೇ ಹೇಳಿದ. ನಯವಾಗಿ ಹೇಳಿದರೆ ಅನ್ಯಾಯವು ನ್ಯಾಯವಾಗುತ್ತದೆಯೇ?

ಅದೇ ವಾರ ಅವನ ಮಗಳು ತವರಿಗೆ ಬಂದಳು. ಅವಳೂ ಬಸುರಿ, ಅವಳಿಗೂ ಏಳನೇ ತಿಂಗಳು. ಕುಬಸದ, ಎಂದರೆ ಸೀಮಂತದ, ಹಸಿರು ಸೀರೆ ಆರಿಸಲು ಸಾವಕಾರ ಅವಳನ್ನು ಅಂಗಡಿಗೆ ಕರೆತಂದ. ಮಗಳಿಗೆ ಕುರ್ಚಿ ಬಂತು, ಬೆನ್ನಿಗೆ ದಿಂಬು ಬಂತು, ಎಳನೀರು ಬಂತು. ಸೀರೆ ತೋರಿಸಲು ಬಂದವಳು ಯಾರು? ಕಸ್ತೂರಿ. ಕೈಚಾಚಿ ಮೇಲಿನ ಖಾನೆಯಿಂದ ತೆಗೆದಳು, ಬಗ್ಗಿ ಹರವಿದಳು. ಮತ್ತೊಂದು. ಮತ್ತೊಂದು. ಸೀರೆ ನೋಡುತ್ತಿದ್ದ ಮಗಳ ಕಣ್ಣು ಅವಳ ಹೊಟ್ಟೆಯ ಮೇಲೆ ಬಿತ್ತು, ಆಮೇಲೆ ಕಾಲಿನ ಮೇಲೆ. ಎದ್ದು ನಿಂತಳು.

"ಅಕ್ಕಾ, ನೀವು ಕುಂದರ್ರಿ."

ಕಸ್ತೂರಿ ಕೂಡಲಿಲ್ಲ. ಸಾವಕಾರನ ಮುಖ ನೋಡಿದಳು. ಅಪ್ಪಣೆಗಾಗಿ! ತುಂಬಿದ ಬಸುರಿ ಕೂಡುವುದಕ್ಕೂ ಒಬ್ಬ ಗಂಡಸಿನ ಅಪ್ಪಣೆ! ಅದೂ ಮಗಳ ಎದುರಿಗೆ. ಸಾವಕಾರನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

"ಕುಂದರವಾ" ಎಂದ. ಕಸ್ತೂರಿ ಕುರ್ಚಿಯ ತುದಿಯಲ್ಲಿ ಕುಳಿತಳು.

"ಎಷ್ಟನೇದಕ್ಕಾ?" ಮಗಳು ಕೇಳಿದಳು.

"ಎರಡನೇದ್ರೀ. ಮೊದಲನೇದು ಉಳೀಲಿಲ್ರಿ. ದೀಪಾವಳಿ ಯಾಪಾರ ಜೋರಿತ್ತು. ನಿಂತಲ್ಲೇ ನೋವು ಬಂತ್ರಿ."

ಸಾವಕಾರನಿಗೆ ಆ ದೀಪಾವಳಿ ನೆನಪಿತ್ತು. ಆಗ ಅವನು "ದೇವರ ಇಚ್ಛಾ ಇದ್ದಂಗ ಆಗತೈತಿ" ಎಂದು ಸಮಾಧಾನ ಹೇಳಿದ್ದ. ನಿಂತದ್ದರಿಂದಲೇ ಕೂಸು ಹೋಯಿತೆಂದು ನಾನು ಹೇಳಲಾರೆ, ನಾನು ವೈದ್ಯನಲ್ಲ. ಆದರೆ ಅವಳನ್ನು ಕೂಡಗೊಡದವನು ಅದನ್ನು ದೇವರ ಮೇಲೆ ಹಾಕಬಾರದಿತ್ತು. ತಾನು ಮಾಡಿದ್ದಕ್ಕೆ ದೇವರನ್ನು ಮುಂದೆ ಮಾಡುವುದು ಯಾವ ಭಕ್ತಿ?

"ಅಪ್ಪಾ, ನನಗ ಬ್ಯಾಂಕಿನ್ಯಾಗ ಆರು ತಿಂಗಳು ಸಂಬಳದ ರಜಾ ಐತಿ. ಈ ಅಕ್ಕಗ ಏನ್ ಕೊಡ್ತೀರಿ?"

ಸಾವಕಾರನ ಪರವಾಗಿ ಕಸ್ತೂರಿಯೇ ಉತ್ತರ ಕೊಟ್ಟಳು: "ಮುಂದಿನ ತಿಂಗಳಿಂದ ಬಿಡು ಅಂದಾರ್ರೀ. ಹಂಗೇನಿಲ್ಲ, ಸಾವಕಾರ್ರು ಒಳ್ಳೇವ್ರದಾರ್ರೀ."

ಒಳ್ಳೆಯವರು! ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತು ತಡೆಯಲಾಗಲಿಲ್ಲ.

"ಅಪ್ಪಾ, ನನಗ ಸಿಕ್ಕಿದ್ದು ಬ್ಯಾಂಕಿನವ್ರ ದಯಾ ಅಲ್ಲ, ಕಾನೂನು. ಅಕಿಗೂ ಅದ ಕಾನೂನು ಐತಿ." ಅಷ್ಟು ಹೇಳಿ ಮಗಳು ಸೀರೆ ಕೊಳ್ಳದೆ ಹೊರಗೆ ನಡೆದಳು.

ಮರುದಿನವೇ ಸಾವಕಾರ ಸ್ಟೂಲ್ ತರಿಸಿದ. ಕಸ್ತೂರಿ ದಿನ ತುಂಬುವವರೆಗೆ ಕುಳಿತು ಕೆಲಸ ಮಾಡಿದಳು. ಸಂಬಳದ ರಜೆ ಸಿಕ್ಕಿತು. ಹೆಣ್ಣು ಕೂಸು ಹಡೆದು ಮರಳಿ ಬಂದಳು. ಎಲ್ಲ ಸರಿಹೋಯಿತೇ? ಅವಳು ನಮಸ್ಕಾರ ಮಾಡಿದಾಗಲೆಲ್ಲ ಸಾವಕಾರ ಬೇರೆ ಕಡೆ ನೋಡುತ್ತಿದ್ದ. ಆ ಮೊದಲನೆಯ ಕೂಸು ಮರಳಿ ಬರುವಂತಿರಲಿಲ್ಲ.

ಈಗ ಪಕ್ಕದವರ ಮುಖ ನೋಡಬೇಡಿ. ನಿಮ್ಮನ್ನೇ ಕೇಳುತ್ತಿದ್ದೇನೆ. ಹತ್ತು ಮಂದಿ ದುಡಿಯುವ ಅಂಗಡಿಯಾದರೂ ಸಾಕು, ಬಸುರಿಯೆಂದು ಅವಳನ್ನು ಬಿಡಿಸುವಂತಿಲ್ಲ. ಹೆರಿಗೆಯ ರಜೆ ಭಿಕ್ಷೆಯಲ್ಲ, ಅವಳ ಹಕ್ಕು. ದಿನ ಹತ್ತಿರವಾದಾಗ ಬಹಳ ಹೊತ್ತು ನಿಲ್ಲುವ ಕೆಲಸ ಬೇಡವೆಂದರೆ ಒತ್ತಾಯಿಸುವಂತಿಲ್ಲ. ಮರಳಿ ಬಂದರೆ ಕೂಸಿಗೆ ಹಾಲೂಡಲು ಬಿಡುವು ಕೊಡಲೇಬೇಕು. ಅಂಗಡಿ, ಕಾರ್ಖಾನೆ, ಶಾಲೆ ನಡೆಸುವವರು ಎಷ್ಟೋ ಮಂದಿ ಇಲ್ಲಿ ಕುಳಿತಿದ್ದೀರಿ. ಗೊತ್ತಿರಲಿಲ್ಲವೇ? ಗೊತ್ತಿದ್ದೂ ಸುಮ್ಮನಿದ್ದಿರೇ?

ತಾಯಂದಿರೇ, ನೀವು ನಗಬೇಡಿ. ಬಸುರಿಯ ಕೈಯಲ್ಲಿ ಅಂಗಡಿಯ ಸೀರೆಯೆಲ್ಲ ತೆಗೆಸಿ "ಯಾವುದೂ ಚಲೋ ಇಲ್ಲ" ಎಂದು ಎದ್ದು ಬಂದವರು ನೀವೇ. ಮನೆಗೆಲಸದವಳು ಬಸುರಿ ಎಂದು ತಿಳಿದ ಕೂಡಲೇ ಬೇರೆಯವಳನ್ನು ಹುಡುಕಿದವರೂ ನೀವೇ. ಮನೆಗೆಲಸಕ್ಕೆ ಆ ಕಾನೂನು ಬರುವುದಿಲ್ಲ, ನಿಜ. ಕಾನೂನು ಬಾರದ ಕಡೆ ನೀವಾದರೂ ಬರಬೇಡವೇ?

ಬಸುರಿಯೆಂದು ನೀವು ಬಿಡಿಸಿದವಳ ಮನೆಯ ಬಾಗಿಲಿಗೆ ನಾಳೆ ಹೋಗಿ. "ಕೆಲಸ ನಿನ್ನದೇ, ಸುಖವಾಗಿ ಹಡೆದು ಬಾ, ಅಲ್ಲಿಯವರೆಗೆ ಸಂಬಳ ತಪ್ಪುವುದಿಲ್ಲ" ಎಂದು ಹೇಳಿ ಬನ್ನಿ. ಹೇಳುವಾಗ ನಾಚಿಕೆಯಾದರೆ ಆಗಲಿ. ತಲೆ ತಗ್ಗಿಸಿಯೇ ಹೇಳಿ.