ಹೇಳಿಕೆಯಲ್ಲಿದ್ದ ‘ಯೂಸ್ಡ್ ಟು’

ವಿಚಾರಣಾ ಕೊಠಡಿಯ ಹೊರಗೆ ನರ್ಸ್ ಒಬ್ಬಳು ತನ್ನ ಸರದಿಗೆ ಕಾಯುತ್ತಿದ್ದಳು. ಪಕ್ಕದಲ್ಲೇ, ಗಾಡಿ ಗೋಡೆಗೆ ಗುದ್ದಿ ಅಮಾನತಾಗಿದ್ದ ಆಂಬುಲೆನ್ಸ್ ಡ್ರೈವರ್ ತಂಗಿಯ ಮೇಲೆ ಹರಿಹಾಯುತ್ತಿದ್ದ.

“ನನ್ನ ಹೇಳಿಕೇಲಿ ಏನೇ ಬರೆದೆ?”

“ನೀನು ಹೇಳಿದ್ದೇ ಅಣ್ಣ. ದಿನಾ ಬ್ರೇಕ್ ಚೆಕ್ ಮಾಡ್ತೀನಿ ಅಂತ. ಐ ಯೂಸ್ಡ್ ಟು ಚೆಕ್.”

“ಹಾಗಂದ್ರೆ ಮೊದಲು ಮಾಡ್ತಿದ್ದೆ, ಈಗ ಬಿಟ್ಟಿದೀನಿ ಅಂತಂತೆ. ಯಾವತ್ತಿಂದ ಬಿಟ್ಟೆ ಅಂತ ಕೇಳಿದ್ರು ಸಾಹೇಬರು.”

“ಎಲ್ಲರೂ ಹಾಗೇ ಬರೀತಾರಲ್ಲ.”

“ಐ ಆಮ್ ಯೂಸ್ಡ್ ಟು ಚೆಕಿಂಗ್ ಅಂದಿದ್ರೆ ರೂಢಿ ಇದೆ ಅಂತಾಗ್ತಿತ್ತಂತೆ. ಒಂದು ‘ಆಮ್’, ಒಂದು ‘ಇಂಗ್’. ಅಷ್ಟಕ್ಕೆ ಹನ್ನೊಂದು ವರ್ಷದ ಕೆಲಸ ಮಣ್ಣುಪಾಲು.”

ನರ್ಸ್ ಮೆಲ್ಲಗೆ ತನ್ನ ಹೇಳಿಕೆ ಬಿಚ್ಚಿ ನೋಡಿದಳು. ಅದರಲ್ಲೂ ಎರಡು ಕಡೆ ಅದೇ ‘ಯೂಸ್ಡ್ ಟು’ ಇತ್ತು.

ತಂಗಿ ದನಿ ತಗ್ಗಿಸಿದಳು. “ಅವತ್ತು ನಿಜವಾಗ್ಲೂ ಚೆಕ್ ಮಾಡಿದ್ಯಾ?”

“ಮಾಡಿದ್ದೆ. ಬೆಳಿಗ್ಗೆ ಆರಕ್ಕೆ, ಗಾಡಿ ಕೆಳಗೆ ಮಲಗಿ. ಇದನ್ನ ಒಳಗೆ ಒಬ್ಬರೂ ಕೇಳ್ಲಿಲ್ಲ ಕಣೇ.”

ಒಳಗಿನಿಂದ ಡ್ರೈವರ್‌ಗೆ ಮತ್ತೆ ಕರೆ ಬಂತು. ತಂಗಿ ಪೆನ್ನು ತೆಗೆದಳು.

“ಒಳಗಿಡು ಅದನ್ನ. ಈ ಸಲ ನಮ್ಮ ಮಾತಲ್ಲೇ, ಬಾಯಿಬಿಟ್ಟು ಹೇಳ್ತೀನಿ. ಇಂಗ್ಲಿಷ್ ಅವರೇ ಬರ್ಕೊಳ್ಲಿ,” ಎಂದವನೇ ಅವನು ಬಾಗಿಲು ದೂಡಿಕೊಂಡು ಒಳಹೋದ.